ಎಲ್ಲರ ಖಾತೆಯಲ್ಲಿ ಅವಳ ಟಿಪ್ಪಣಿ

"ಛೀ! ನಿಮ್ಮ ಮುಖ ನೋಡೋಕೂ ಹೇಸಿಗೆ ಆಗುತ್ತೆ!"

ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಇಪ್ಪತ್ತು ತಲೆಗಳು ಒಟ್ಟಿಗೆ ಎದ್ದವು. ಡೇಟಾಬೇಸ್ ವಿಭಾಗದ ಲೈಬ್ರೇರಿಯನ್ ಮಾತ್ರ ಪೆನ್ನು ಹಿಡಿದವನು ಹಿಡಿದಂತೆಯೇ ಕೂತ.

"ಏನಾಯ್ತು ಹೇಳಿ..."

"ನಾಟಕ ಬೇಡ!"

ಎದುರು ನಿಂತು ಕೂಗುತ್ತಿದ್ದ ಫ್ಯಾಷನ್ ವಿಭಾಗದ ಈ ಹುಡುಗಿಗೆ ಗೆಳತಿಯರು ಇಟ್ಟ, ಇಡೀ ವಿಭಾಗಕ್ಕೇ ಗೊತ್ತಿದ್ದ ಹೆಸರು ಛೀರಾಣಿ. ಇನ್ನೊಬ್ಬರ ಲೋಟ, ಇನ್ನೊಬ್ಬರ ಬಾಚಣಿಗೆ, ಬಸ್ಸಿನ ಕಂಬಿ, ಎಲ್ಲಕ್ಕೂ ಛೀ. ಅವಳ ಸಂಶೋಧನೆಯೂ ಅದೇ: ಇನ್ನೊಬ್ಬರು ತೊಟ್ಟ ಬಟ್ಟೆ ಕೊಳ್ಳಲು ಜನ ಯಾಕೆ ಅಸಹ್ಯಪಡುತ್ತಾರೆ? ಗ್ರಾಹಕ ವರದಿಗಳಲ್ಲಿ ಯಾವ ಪದಕ್ಕೆ ಯಾವ ಪದ ಜೋಡಿಸಿ ಹುಡುಕಬೇಕು ಎಂದು ಮೂರು ವಾರ ಪಕ್ಕದಲ್ಲೇ ಕೂತು ಕಲಿಸಿದ್ದವನು ಈ ಲೈಬ್ರೇರಿಯನ್ನೇ. ಅವನು ಮುಟ್ಟಿದ ಮೌಸನ್ನು ಅವಳು ಒರೆಸದೆ ಹಿಡಿದಿದ್ದಳು!

ಇವತ್ತು ಬೆಳಿಗ್ಗೆ ಸಹಪಾಠಿಯೊಬ್ಬಳು ಅದೇ ಹುಡುಕಾಟ, ಅದೇ ಹನ್ನೊಂದು ವರದಿಗಳನ್ನು ಸಂಶೋಧನೆಯ ಗೈಡ್ ಮುಂದೆ ಹರಡಿದಳು. ಮೊದಲು ಮಾಡಿದ್ದು ತಾನೇ ಎನ್ನಲು ಇವಳು ಸಂಜೆಯೊಳಗೆ ಸಾಕ್ಷಿ ತರಬೇಕು, ಇಲ್ಲದಿದ್ದರೆ ವಿಷಯ ಬಿಡಬೇಕು ಎಂದುಬಿಟ್ಟರು ಗೈಡ್.

"ನಮ್ಮಿಬ್ಬರನ್ನ ಬಿಟ್ರೆ ಇನ್ಯಾರಿಗೆ ಗೊತ್ತಿತ್ತು? ಬೇಲಿನೇ ಎದ್ದು ಹೊಲ ಮೇಯ್ದ ಹಾಗಾಯ್ತು!"

ಥೂ... ಇಂಥವನನ್ನು ನೆನೆದು ಒಬ್ಬಳೇ ನಗುತ್ತಿದ್ದೆನಲ್ಲ!

ಅವನು ಸಾವಕಾಶವಾಗಿ ಕೇಳಿದ, "ಹುಡುಕಿದ್ದನ್ನ ಎಲ್ಲಿ ಸೇವ್ ಮಾಡ್ತಿದ್ರಿ?"

"ಡೇಟಾಬೇಸಲ್ಲೇ. ಇನ್ನೆಲ್ಲಿ?"

"ನಿಮ್ಮದೇ ಖಾತೆ ಮಾಡ್ಕೊಂಡು?"

"ಖಾತೆನಾ...? ಅದು ತೆರೆದೇ ಇರುತ್ತಲ್ಲ?"

ಅವನು ಹಣೆ ಚಚ್ಚಿಕೊಂಡ. "ಅದು ಲೈಬ್ರರಿ ಖಾತೆ. ಇಲ್ಲಿ ಕೂತೋರಿಗೆಲ್ಲ ಕಾಣುತ್ತೆ. ಮೊದಲ ದಿನವೇ ಹೇಳ್ಬೇಕಿತ್ತು ನಾನು. ನಿಮ್ಮ ಪಕ್ಕ ಕೂತ್ರೆ ಅರ್ಧ ಮರೆತೇ ಹೋಗುತ್ತೆ."

ಪರದೆಯ ಮೇಲೆ ಅವಳ ನಲವತ್ತು ಹುಡುಕಾಟಗಳು ದಿನಾಂಕ ಸಮೇತ ತೆರೆದುಕೊಂಡವು. ಸಹಪಾಠಿ ಅಲ್ಲಿಂದಲೇ ಎತ್ತಿದ್ದಳು. ಪ್ರತಿಯೊಂದರ ಕೆಳಗೂ, ತನಗೊಬ್ಬಳಿಗೇ ಕಾಣುತ್ತದೆಂದು ಅವಳು ಬರೆದ ಟಿಪ್ಪಣಿ!

'ಅರ್ಥವಾಗಿದೆ. ಆದರೂ ಇನ್ನೊಂದು ಸಲ ಅವರ ಹತ್ತಿರ ಹೇಳಿಸಿಕೊಳ್ಳಬೇಕು. ಇಂತಿ, ಛೀರಾಣಿ.'

'ಇವತ್ತು ಅವರು ರಜೆ. ಒಂದು ವರದಿಯೂ ತಲೆಗೆ ಹೋಗಲಿಲ್ಲ. ಇಂತಿ, ಛೀರಾಣಿ.'

ಭೂಮಿ ಬಾಯಿ ಬಿಡಬಾರದೇ! ಏನೂ ತಪ್ಪು ಮಾಡದವನಿಗೆ ಎಲ್ಲರೆದುರು ಹೇಸಿಗೆ ಎಂದಳಲ್ಲ... ಈಗ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಅವನು ಆಗಲೇ ಮುಖ ಆಚೆ ತಿರುಗಿಸಿದ್ದ. "ನಾನು ಓದಲ್ಲ. ಟಿಪ್ಪಣಿ ಬಿಟ್ಟು ಪ್ರಿಂಟ್ ತೆಗೀಬಹುದು. ಆದರೆ ಖಾತೆ ಎಲ್ಲರದು. ಇದು ನಿಮ್ಮದೇ ಅನ್ನೋದಕ್ಕೆ ಟಿಪ್ಪಣಿ ಕೆಳಗಿನ ಆ ಹೆಸರು ಬಿಟ್ರೆ ಬೇರೆ ಗುರುತಿಲ್ಲ."

ಅವಳು ಕಣ್ಣೊರೆಸಿಕೊಂಡಳು. "ಕ್ಷಮಿಸಿ... ಟಿಪ್ಪಣಿ ಸಮೇತ ತೆಗೀರಿ. ಅದರಲ್ಲಿ ಸುಳ್ಳು ಒಂದೂ ಇಲ್ಲ."

"ಎಷ್ಟು ಕಾಪಿ?"

"ಎರಡು. ಒಂದು ಗೈಡ್‌ಗೆ."

"ಇನ್ನೊಂದು?"

"ನಿಮಗೆ... ಈಗ ಓದಬೇಡಿ. ನಾನು ಹೋದ ಮೇಲೆ."

ಸಂಜೆ ಗೈಡ್ ಕೊನೆಯ ಹಾಳೆಯವರೆಗೂ ಓದಿ ಕನ್ನಡಕ ತೆಗೆದರು. "ವಿಷಯ ನಿನ್ನದೇ. ಆದರೆ ಇದನ್ನ ಓದಬೇಕಾದೋನು ನಾನಲ್ಲಮ್ಮ."

ಹೊರಗೆ ಮೆಟ್ಟಿಲ ಬಳಿ ಅವನು ನಿಂತಿದ್ದ, ಕೈಯಲ್ಲಿ ಅದೇ ಹಾಳೆಗಳು.

"ಓದಿದ್ರಾ?"

"ನಾಲ್ಕು ಸಲ."

'ಅವರ ಪಕ್ಕ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ' ಎಂಬ ಕೊನೆಯ ಟಿಪ್ಪಣಿಯ ಕೆಳಗೆ ಪೆನ್ನಿನಲ್ಲಿ ಅವನು ಒಂದೇ ಪದ ಬರೆದಿದ್ದ: 'ನನಗೂ.'

"ಇಷ್ಟೇನಾ?" ಅವಳು ಹಾಳೆ ತಿರುವಿ ನೋಡಿದಳು.

"ಉಳಿದದ್ದು ಬಾಯಲ್ಲೇ ಹೇಳೋಣ ಅಂತ... ಬರೆದ್ರೆ ಎಲ್ಲರೂ ಓದ್ತಾರೆ."

"ಹೇಳಿ" ಎಂದು ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತಳು.