ಸದ್ದಿಲ್ಲದ ಹನ್ನೊಂದು ನಗು

"ಇವನು... ನಮ್ಮ ಏಣಿನಾ?!"

ಎಡಿಟಿಂಗ್ ಕೋಣೆಯ ದೊಡ್ಡ ಪರದೆಯ ಮೇಲೆ ಅವನ ಮುಖ ಮೂಡಿದಾಗ ಅವಳ ಕೈಯಲ್ಲಿದ್ದ ಟೀ ಲೋಟ ಅಲ್ಲಾಡಿ ಅರ್ಧ ಟೀ ಮೇಜಿನ ಪಾಲಾಯಿತು.

ಹದಿನಾಲ್ಕು ವರ್ಷದಿಂದ ನೋಡುತ್ತಲೇ ಬಂದಿದ್ದ ಮುಖ. ಶಾಲೆಯಲ್ಲಿ ಅವಳ ಪಕ್ಕ ಕೂತು ಅವಳ ಪೆನ್ಸಿಲ್ಲನ್ನೇ ಕಚ್ಚುತ್ತಿದ್ದವನು, ತಾಳೆಮರದ ಹಾಗೆ ಬೆಳೆದು ಅವಳ ಬಾಯಿಂದಲೇ 'ಏಣಿ' ಅನ್ನಿಸಿಕೊಂಡವನು, ಕೊನೆಗೆ ಲಿಫ್ಟ್ ರಿಪೇರಿ ಕೆಲಸ ಹಿಡಿದವನು. ಅವನು ಸುಮ್ಮನಿದ್ದನೇ? ಅವಳಿಗೂ 'ಮೆಣಸು' ಎಂದು ಹೆಸರಿಟ್ಟಿದ್ದ.

ಈಗ ಅವನು ಸಾವಿರ ದೀಪಗಳ ಮುಂದೆ ನಿಂತಿದ್ದ. ಇವನಿಗೆ ಇಷ್ಟು ಚೆಂದದ ಕಣ್ಣುಗಳಿದ್ದವೇ? ಇಷ್ಟು ವರ್ಷ ನಾನು ನೋಡಿದ್ದಾದರೂ ಏನನ್ನು?

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಅದು ನಮ್ಮ ಹುಡುಗಿಯ ವಿಷಯದಲ್ಲಿ ಅಕ್ಷರಶಃ ನಿಜವಾಗಿತ್ತು.

ಅವನು ಆ ಶೋಗೆ ಆಯ್ಕೆಯಾದದ್ದೇ ಒಂದು ತಮಾಷೆ. ಚಾನೆಲ್ ಕಟ್ಟಡದ ಲಿಫ್ಟ್ ಕೆಟ್ಟು, ಶೋನ ನಿರ್ಮಾಪಕಿ ಮೇಡಂ ಒಳಗೆ ಸಿಕ್ಕಿಕೊಂಡಿದ್ದರು. ರಿಪೇರಿಗೆ ಬಂದವನು ನಲವತ್ತು ನಿಮಿಷ ಬಾಗಿಲಾಚೆಯಿಂದ ಏನೇನೋ ಕಥೆ ಹೇಳಿ ಅವರನ್ನು ನಗಿಸಿದ್ದ. ಹೊರಗೆ ಬಂದ ಮೇಡಂ ಮೊದಲು ಕೇಳಿದ್ದು ನೀರು, ಎರಡನೆಯದು ಅವನ ಫೋನ್ ನಂಬರ್. ಆ ಶೋ ಅಂದರೆ ಎಪ್ಪತ್ತು ದಿನ, ಒಂದೇ ಮನೆ, ಹನ್ನೆರಡು ಜನ, ಮೂವತ್ತು ಕ್ಯಾಮೆರಾ!

ಅವಳು ಅದೇ ಶೋನ ಕಿರಿಯ ಎಡಿಟರ್; ಅವನು ಆ ಮನೆಯೊಳಗೆ ಹೋದ ಮೇಲಷ್ಟೇ ಸಿಕ್ಕ ಕೆಲಸ, ಅವನಿಗೆ ಗೊತ್ತೇ ಇರಲಿಲ್ಲ. ಸ್ಪರ್ಧಿಗಳ ಪರಿಚಯದವರು ಈ ಕೆಲಸ ಮಾಡುವಂತಿಲ್ಲ ಎಂಬ ನಿಯಮವಿತ್ತು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಅವಳು ಬಾಯಿ ಬಿಡಲಿಲ್ಲ.

ಎರಡೇ ವಾರ. ಊರೆಲ್ಲ ಅವನ ಹೆಸರು! ಬಸ್ಸಿನಲ್ಲಿ, ಅಂಗಡಿಯಲ್ಲಿ, ಎಲ್ಲರ ಫೋನಿನಲ್ಲಿ ಅವನೇ. ಬೀದಿಯಲ್ಲಿ ನಡೆಯುವಾಗ ಅವಳಿಗೆ ಬೆರಗು... ಲಕ್ಷ ಲಕ್ಷ ಜನ ನೋಡುತ್ತಿರುವ ಇವನು ನನ್ನ ಚಪ್ಪಲಿ ಹೊಲಿಸಿಕೊಂಡು ಬಂದವನಾ?

ಆಗಲೇ ಮೇಡಂ ಅಪ್ಪಣೆ ಕೊಟ್ಟರು. "ಲಿಫ್ಟ್ ಹುಡುಗ, ಧಾರಾವಾಹಿ ನಟಿ... ಜೋಡಿ ಮಾಡು. ಅವಳು ಮಾತಾಡೋ ಕಡೆ ಇವನ ನಗು ಸೇರಿಸು. ಜನಕ್ಕೆ ಲವ್ ಸ್ಟೋರಿ ಬೇಕು."

ಸೇರಿಸಿದಳು. ಯಾರೋ ಹುಡುಕಿ ಕಳಿಸುತ್ತಿದ್ದ ನಗುವಿನ ತುಣುಕುಗಳಿಗೆ ಸದ್ದು ಇರುತ್ತಿರಲಿಲ್ಲ. ಬೇಕಾದದ್ದು ಮುಖ ತಾನೇ? ನಟಿ ಕೂದಲು ಸರಿಮಾಡಿಕೊಳ್ಳುತ್ತಾಳೆ, ಇವನು ನಗುತ್ತಾನೆ. ನಟಿ ಹಾಡುತ್ತಾಳೆ, ಇವನು ನಗುತ್ತಾನೆ. ಎಷ್ಟು ಮೆತ್ತಗಿನ ನಗು ಅದು! ಆ ನಗುವನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ.

ನಗುವನ್ನು ಅಂಟಿಸಿದ್ದು ತಾನೇ ಎಂದು ಗೊತ್ತು. ಆದರೆ ಹೀಗೆ ನಗುವವನು ಯಾರನ್ನೋ ಪ್ರೀತಿಸುತ್ತಿದ್ದಾನೆ ಎಂಬುದು ಸುಳ್ಳಾಗಲು ಸಾಧ್ಯವೇ? ಆ ಮನೆಯೊಳಗೆ ಆ ನಟಿಯಲ್ಲದೆ ಇನ್ಯಾರಿದ್ದಾರೆ? ತಾನೇ ತೋಡಿದ ಹಳ್ಳಕ್ಕೆ ತಾನೇ ಬಿದ್ದಳು, ಪಾಪ.

ಮನೆಗೆ ಹೋದರೆ ಅಮ್ಮನ ಕಾಟ ಬೇರೆ. "ನೋಡೇ, ಏನು ಜೋಡಿ! ಆ ಹುಡುಗಿ ನಮ್ಮ ಏಣಿಗೆ ಹೇಳಿ ಮಾಡಿಸಿದ ಹಾಗಿದಾಳೆ."

"ಹೂಂ ಅಮ್ಮಾ..."

"ಯಾಕೆ ಮುಖ ಊದಿಸ್ಕೊಂಡಿದೀಯ? ಸ್ನೇಹಿತ ಮುಂದೆ ಬಂದ್ರೆ ಹೊಟ್ಟೆಕಿಚ್ಚಾ?"

ಹೊಟ್ಟೆಕಿಚ್ಚೇ ಅಮ್ಮಾ, ಆದರೆ ನೀನಂದುಕೊಂಡಿರೋದಲ್ಲ... ಅವಳು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು.

ಕೊನೆಯ ದಿನ ಬಂತು. ಸಂಜೆ ವೇದಿಕೆಯ ಮೇಲೆ ಇಬ್ಬರ 'ಪ್ರೇಮಯಾನ' ತೋರಿಸಿ, ನಟಿಗೆ ತೊಡಿಸಲು ನಿರೂಪಕ ಅವನ ಕೈಗೆ ಉಂಗುರ ಕೊಡುವುದು ಎಂದು ತೀರ್ಮಾನವಾಗಿತ್ತು. ಅಷ್ಟು ಜನರ ಎದುರು ಅವನು ಬೇಡ ಎನ್ನಲಾರ.

ಬೆಳಿಗ್ಗೆ ಹತ್ತಕ್ಕೆ ಅವಳು ಆ ವಿಡಿಯೋ ಜೋಡಿಸುತ್ತಿದ್ದಳು. ಒಂದು ನಗು ಹಾಡಿನ ಅಳತೆಗೆ ಸ್ವಲ್ಪ ಸಾಲದಾಯಿತು. ಉದ್ದ ಮಾಡಲು ಮೂಲ ಚಿತ್ರೀಕರಣವನ್ನೇ ತೆರೆದಳು. ಅದಕ್ಕೆ ಸದ್ದಿತ್ತು.

"...ಸಿಟ್ಟು ಬಂದ್ರೆ ಎಡ ಚಪ್ಪಲಿ ಬಲಕ್ಕೆ, ಬಲದ್ದು ಎಡಕ್ಕೆ ಹಾಕ್ಕೊಂಡು ಹೊರಟೇಬಿಡ್ತಾಳೆ ಅಣ್ಣಾ. ಬೀದಿ ಕೊನೆವರೆಗೂ ಗೊತ್ತಾಗಲ್ಲ ನಮ್ಮ ಮೆಣಸಿಗೆ!"

ಹೇಳಿ ಅವನು ನಕ್ಕ. ಅದೇ ನಗು!

ಅವಳ ಕೈ ನಿಂತುಹೋಯಿತು. ಪರದೆಯ ಮೇಲೆ ಅವನು ಅಡುಗೆಮನೆಯಲ್ಲಿ ಈರುಳ್ಳಿ ಸುಲಿಯುತ್ತಿದ್ದ. ಪಕ್ಕದಲ್ಲಿ ಇನ್ನೊಬ್ಬ ಸ್ಪರ್ಧಿ, ಹಿರಿಯ ಪೈಲ್ವಾನ್. ನಟಿ ಅಲ್ಲಿ ಇರಲೇ ಇಲ್ಲ.

ಎರಡನೆಯ ನಗುವಿನ ಮೂಲ ತೆರೆದಳು. "ಮೆಣಸು ಮೊದಲನೇ ಸಂಬಳದಲ್ಲಿ ನನಗೆ ಟೂಲ್ ಬ್ಯಾಗ್ ಕೊಡಿಸಿದ್ಲು, ತನಗೆ ಮಾತ್ರ ಏನೂ ತಗೊಳ್ಳಲಿಲ್ಲ..." ಮೂರನೆಯದು. ಮತ್ತೆ ಮೆಣಸು! ಹದಿಮೂರು ನಗುಗಳಲ್ಲಿ ಒಂದು ಬೆಕ್ಕಿನ ಮರಿಗೆ, ಒಂದು ಬಿಸಿ ಊಟಕ್ಕೆ. ಉಳಿದ ಹನ್ನೊಂದೂ ಅವಳಿಗೆ.

ಹನ್ನೊಂದನೆಯದರಲ್ಲಿ ಪೈಲ್ವಾನ್ ಕೇಳುತ್ತಿದ್ದರು. "ಇಷ್ಟೊಂದು ಇಷ್ಟ ಇಟ್ಕೊಂಡಿದೀಯಲ್ಲಪ್ಪಾ, ಆ ಹುಡುಗಿಗೆ ಹೇಳಿದೀಯೋ ಇಲ್ಲವೋ?"

"ಧೈರ್ಯ ಇಲ್ಲ ಅಣ್ಣಾ. ಲಿಫ್ಟ್ ನಿಂತ್ರೆ ರಿಪೇರಿ ಮಾಡ್ಬಹುದು. ಹದಿನಾಲ್ಕು ವರ್ಷದ ಸ್ನೇಹ ನಿಂತುಹೋದ್ರೆ?"

ದೇವರೇ... ನಾನಾ? ಈ ನಗುವೆಲ್ಲ ನನಗಾ? ಒಬ್ಬ ಮನುಷ್ಯ ನನ್ನನ್ನು ಇಷ್ಟು ಪ್ರೀತಿಸಬಹುದಾ?

ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕಣ್ಣೀರು ಕೀಬೋರ್ಡಿನ ಮೇಲೆ ತೊಟ್ಟಿಕ್ಕಿತು. ತನ್ನದೇ ಸಂಪತ್ತನ್ನು ಇಷ್ಟು ದಿನ ಕತ್ತರಿಸಿ ಕತ್ತರಿಸಿ ಬೇರೊಬ್ಬಳ ಮಡಿಲಿಗೆ ತುಂಬಿದ್ದಳು!

"ಏನಾಯ್ತು?" ಮೇಡಂ ಬಾಗಿಲಲ್ಲಿ ನಿಂತಿದ್ದರು. ಅವಳು ಉತ್ತರಿಸುವ ಮೊದಲೇ ಪರದೆ ಉತ್ತರಿಸಿತು. ಪೂರ್ತಿ ಕೇಳಿಸಿಕೊಂಡ ಮೇಡಂ ಕಣ್ಣುಗಳು ಹೊಳೆದವು. "ಚಿನ್ನ ಕಣೇ ಇದು! ಇದನ್ನೇ ಹಾಕು. ಆ ಮೆಣಸು ಯಾರು ಅಂತ ಹುಡುಕಿಸ್ತೀನಿ, ಸಂಜೆ ವೇದಿಕೆಗೆ ಕರೆಸೋಣ."

"ಹುಡುಕೋದು ಬೇಡ ಮೇಡಂ. ನಾನೇ."

ಮೇಡಂ ಕುರ್ಚಿ ಎಳೆದುಕೊಂಡು ಕೂತರು.

"ನಿಯಮ ಗೊತ್ತು. ಈ ಕೆಲಸ ನಾನೇ ಬಿಡ್ತೀನಿ. ಆದ್ರೆ ಇದನ್ನ ಹಾಕ್ಬೇಡಿ. ಅವನು ನನಗೇ ಇನ್ನೂ ಹೇಳಿಲ್ಲ... ಅದಕ್ಕೆ ಮುಂಚೆ ಊರಿಗೆಲ್ಲ ಡಂಗುರ ಹೊಡೆಯೋಕೆ ನಾವ್ಯಾರು? ಆ ಸುಳ್ಳು ಜೋಡಿನೂ ಬೇಡ. ನಾನು ಕೈಮುಗೀತೀನಿ."

ಮೇಡಂ ಪರದೆಯತ್ತ ತಿರುಗಿ ಆ ನಗುವನ್ನು ಇನ್ನೊಮ್ಮೆ ನೋಡಿದರು.

"ಲಿಫ್ಟಲ್ಲಿ ನಾನು ಸತ್ತೇಹೋಗ್ತೀನಿ ಅಂದ್ಕೊಂಡಿದ್ದೆ," ಎಂದರು ಕೊನೆಗೆ. "ಅವನು ಆವತ್ತು ಹೇಳಿದ್ದೆಲ್ಲ ಯಾವುದೋ ಸಿಡುಕಿ ಹುಡುಗಿ ಕಥೆ... ಅದು ನೀನೇನಾ?" ಎದ್ದು ನಿಂತರು. "ನಗು ತೆಗೆದುಹಾಕು. ಅವನು ಆಟದಲ್ಲಿ ಬಿದ್ದದ್ದು, ಎದ್ದದ್ದು ಜೋಡಿಸು. ಉಂಗುರನೂ ಬೇಡ. ಮುಗಿಸಿಕೊಟ್ಟು ನಿನ್ನ ಐಡಿ ಕಾರ್ಡ್ ಮೇಜಿನ ಮೇಲಿಟ್ಟು ಹೋಗು."

ಸಂಜೆ ಮೇಡಂ ಅನುಮತಿಯಿಂದಲೇ ಅವಳು ವೇದಿಕೆಯ ಹಿಂದೆ, ಪರದೆಯ ಮರೆಯಲ್ಲಿ ನಿಂತಿದ್ದಳು. ನಟಿ ಗೆದ್ದಳು, ಅವನಿಗೆ ಎರಡನೆಯ ಸ್ಥಾನ. ಉಂಗುರ ಇಲ್ಲದಿದ್ದರೂ ನಿರೂಪಕ ಸುಮ್ಮನೆ ಬಿಡುವವನೇ? "ಹೇಳಿಬಿಡಿ, ಮನಸ್ಸಲ್ಲಿ ಯಾರಿದಾರೆ?"

ಸಭೆಯೆಲ್ಲ ಕೂಗು, ಶಿಳ್ಳೆ. ನಟಿಯೂ ನಗುತ್ತ ಅವನನ್ನೇ ನೋಡಿದಳು.

"ಒಬ್ಬಳಿದಾಳೆ. ಇಲ್ಲಿರೋರು ಯಾರೂ ಅಲ್ಲ," ಎಂದ ಅವನು, ಬೆವರುತ್ತ. "ನಿಮಗೆ ಹೇಳೋದಕ್ಕಿಂತ ಮೊದಲು ಅವಳಿಗೆ ಹೇಳ್ಬೇಕು. ತಪ್ಪು ತಿಳ್ಕೋಬೇಡಿ."

ಲಕ್ಷ ಜನ ಕೇಳಿದರೂ ಕೊಡದ ಮಾತನ್ನು ನನಗೋಸ್ಕರ ಎತ್ತಿಟ್ಟನಲ್ಲ!

ಕೆಳಗಿಳಿದು ಬಂದವನು ಅವಳನ್ನು ಕಂಡು ನಿಂತೇಬಿಟ್ಟ. "ಮೆಣಸು! ನೀನು... ಎಷ್ಟು ಬಡವಾಗಿದೀಯ ಕಣೇ!"

ಅವಳು ಹತ್ತಿರ ಹೋಗಿ ಅವನ ಕಾಲರಿನ ಮೈಕ್ ಕಿತ್ತು, ಸೊಂಟದ ಡಬ್ಬಿಯ ಗುಂಡಿ ಒತ್ತಿ ಆರಿಸಿದಳು. ಕೆಂಪು ದೀಪ ಹೋಯಿತು.

"ಈಗ ಯಾರಿಗೂ ಕೇಳಿಸಲ್ಲ."

"ನಾನು... ಒಂದು ವಿಷಯ... ಹೇಗೆ ಹೇಳೋದು ಅಂತ..."

"ನನಗೆ ಗೊತ್ತು ಕಣೋ. ನಿನ್ನ ಶೋ ಎಡಿಟ್ ಮಾಡಿದ್ದು ನಾನೇ. ಚಪ್ಪಲಿ ಕಥೆ, ಟೂಲ್ ಬ್ಯಾಗ್ ಕಥೆ, ಪೈಲ್ವಾನ್ ಅಣ್ಣನಿಗೆ ಹೇಳಿದ್ದು... ಎಲ್ಲಾ ಕೇಳಿಸ್ಕೊಂಡೆ."

ಆರಡಿ ಮನುಷ್ಯ ಪಕ್ಕದ ಪೆಟ್ಟಿಗೆಯ ಮೇಲೆ ಧೊಪ್ಪನೆ ಕೂತ. "ಅಯ್ಯೋ... ಹಾಗಾದ್ರೆ ನನಗೆ ಹೇಳೋಕೆ ಏನು ಉಳೀತು?"

"ನಿನಗೇನೂ ಉಳಿದಿಲ್ಲ. ನನಗೆ ಉಳಿದಿದೆ." ಅವಳು ಅವನ ಮುಂದೆ ಮೊಣಕಾಲೂರಿ ಕೂತಳು. "ನೀನಿಲ್ಲದ ಎಪ್ಪತ್ತು ದಿನ, ದಿನಾ ನಿನ್ನನ್ನ ನೋಡ್ತಾ ನೋಡ್ತಾ ಸತ್ತಿದೀನಿ. ನಾನು ನಿನ್ನ ಪ್ರೀತಿಸ್ತೀನಿ ಏಣಿ. ಸ್ನೇಹ ಎಲ್ಲೂ ನಿಂತುಹೋಗಲ್ಲ, ಹೆದರ್ಬೇಡ."

ಅವನು ನಕ್ಕ. ಹನ್ನೊಂದು ಸಲ ಅವಳು ಕತ್ತರಿಸಿದ್ದ ನಗು, ಈಗ ಒಂದು ಗೇಣು ದೂರದಲ್ಲಿ, ಅವಳ ಕಣ್ಣನ್ನೇ ನೋಡುತ್ತ ಅರಳಿತು. ಅದನ್ನು ಕತ್ತರಿಸುವವರು ಯಾರೂ ಇರಲಿಲ್ಲ.

"ನನ್ನ ಕೆಲಸ ಹೋಯ್ತು ಕಣೋ," ಎಂದಳು ಮೂಗೊರೆಸಿಕೊಂಡು.

"ನಾನೂ ಸೋತೆ."

"ಅಮ್ಮ ಆ ನಟಿನೇ ನಿನಗೆ ಸರಿ ಅಂತಿದಾಳೆ."

"ಅಮ್ಮನ ಹತ್ರ ನಾನು ಮಾತಾಡ್ತೀನಿ. ನೀನು ಇನ್ನೊಂದು ಸಲ ಹೇಳೇ."

"ಏನನ್ನ?"

"ಈಗ ಹೇಳಿದ್ಯಲ್ಲ, ಅದನ್ನ."

ಅವಳು ಅವನ ಕಿವಿಯ ಹತ್ತಿರ ಬಾಗಿ ಇನ್ನೊಂದು ಸಲ ಹೇಳಿದಳು. ಈ ಸಲ ಎಷ್ಟು ಮೆಲ್ಲಗೆ ಎಂದರೆ, ನಮಗೂ ಕೇಳಿಸಲಿಲ್ಲ.