ಏಳದ ಡ್ರಮ್ಮು

ಸಗಣಿಯ ಗಾಳಿಯಿಂದ ಒಲೆ ಉರಿಸುತ್ತೇನೆ, ಉಳಿದ ರಾಡಿ ಭತ್ತಕ್ಕೆ ಗೊಬ್ಬರ ಎಂದು ದಾಂಡೇಲಿಯ ಲಗಮಪ್ಪ ಮಿಸ್ತ್ರಿ ಹೇಳಿದಾಗ ಪಾಳಾ ಊರಿನ ಜನ ಮೂರು ದಿನ ನಕ್ಕರು. ನಡುವೆ ನಿಲ್ಲಿಸಿದ್ದು ಉಣ್ಣಲಿಕ್ಕೆ ಮಾತ್ರ.

ನಗದವಳು ಒಬ್ಬಳೇ, ಮಹಾಂತಪ್ಪನ ಮಗಳು ಶಿವಗಂಗವ್ವ. ಗಂಡ ಸತ್ತು ತವರಿಗೆ ಬಂದು ಎರಡು ವರ್ಷ. ಅವರಲ್ಲಿ ವಿಧವೆಗೆ ಉಡಿಕೆ ಮದುವೆ ಮಾಡುವ ರೂಢಿಯಿತ್ತು. ಬಂದ ಮಾತು ಯಾವುದೂ ಅವಳ ಕಿವಿಗೆ ಇಳಿಯಲಿಲ್ಲ. ಖಾರ ಖಾರವಲ್ಲ, ಚಳಿ ಚಳಿಯಲ್ಲ. ಬೆಳಗಾದರೆ ಉರುವಲಿಗೆ ಸಗಣಿಯ ಕುಳ್ಳು ತಟ್ಟುತ್ತಿದ್ದಳು, ಅಷ್ಟೇ.

ಮಹಾಂತಪ್ಪನ ಹಿತ್ತಲಲ್ಲಿ ಗುಂಡಿ ತೋಡಿ, ಅದರ ಮೇಲೆ ಕಬ್ಬಿಣದ ಡ್ರಮ್ಮು ಬೋರಲು ಹಾಕಿದ ಲಗಮಪ್ಪ.

"ದಿನಾ ಎಂಟು ಬುಟ್ಟಿ ದನದ ಹೆಂಡಿ ಕಲಸಿ ಹಾಕ್ರಿ. ಗ್ಯಾಸ್ ತುಂಬಿದಂಗ ಡ್ರಮ್ಮು ತಾನ ಏಳತೈತಿ."

"ಎದ್ದ ಮ್ಯಾಲ?" ಎಂದಳು ಶಿವಗಂಗವ್ವ.

"ಒಲಿ ಹಚ್ಚಿಕೊಟ್ಟು ದಾಂಡೇಲಿ ಬಸ್ ಹತ್ತೋದು."

ತಿಂಗಳಾಯಿತು. ಕೋಳಿಯೊಂದು ಡ್ರಮ್ಮಿನ ಮೇಲೆ ಕಾವು ಕೂತು ಮರಿ ಮಾಡಿತು; ಡ್ರಮ್ಮು ಏಳಲಿಲ್ಲ.

"ಮಿಸ್ತ್ರೀ, ನಿನ್ನ ಬೆಸುಗಿ ಸೋರ್ತೈತಿ," ಎಂದ ಮಹಾಂತಪ್ಪ. "ಹುಣ್ಣಿಮಿಗೆ ಏಳಲಿಲ್ಲಂದ್ರ ಗುಂಡಿ ಮುಚ್ಚಿ ನಡಿ."

ಲಗಮಪ್ಪ ನೆಟ್ಟಗೆ ಬಣವೆಯ ಹಿಂದೆ ಹೋದ. ಅಲ್ಲಿ ಶಿವಗಂಗವ್ವ ಕುಳ್ಳು ತಟ್ಟುತ್ತಿದ್ದಳು. ಪ್ರತಿ ಕುಳ್ಳಿನ ಮೇಲೂ ಐದು ಬೆರಳು, ಕಿರುಬೆರಳು ತುಸು ಸೊಟ್ಟ. ಅವನು ಕದ್ದು ಕದ್ದು ನೋಡಿದ್ದ ಬೆರಳು.

"ನಾಕ ಬುಟ್ಟಿ ಗುಂಡಿಗೆ, ನಾಕ ಬುಟ್ಟಿ ಇಲ್ಲಿ. ಹೌದಲ್ರಿ?"

"ಹೌದು."

"ಯಾಕ್ರಿ?"

"ಗೊತ್ತಿಲ್ಲ." ಅವಳು ಇನ್ನೊಂದು ಕುಳ್ಳು ತಟ್ಟಿದಳು. "ಡ್ರಮ್ಮು ಎದ್ರ ನೀವ್ ಬಸ್ ಹತ್ತತೀರಿ."

ಲಗಮಪ್ಪನ ಬೀಡಿ ಬಾಯಲ್ಲೇ ಆರಿತು.

"ನನಗ ಎಂಟ ದಿನದಿಂದ ಗೊತ್ತೈತ್ರಿ."

"ಮತ್ತ ಅಪ್ಪನ ಕಡೆ ಯಾಕ ಬೈಸಿಕೊಂಡ್ರಿ?"

"ಅದು ಏಳೋದು ನನಗೂ ಬ್ಯಾಡಾಗಿತ್ತು."

ಅವಳ ಕೈ ಗಾಳಿಯಲ್ಲೇ ನಿಂತಿತು.

"ಈಗ ಏಳಲಿಲ್ಲಂದ್ರೂ ಹೋಗಬೇಕು," ಎಂದ. "ಎದ್ರ, ತಲಿ ಎತ್ತಿ ನಿಮ್ಮಪ್ಪನ ಕಡೆ ಉಡಿಕಿ ಮಾತು ತೆಗಿಬೌದು. ಎಂಟೂ ಬುಟ್ಟಿ ಹಾಕ್ತೀರೇನ್ರಿ?"

ಅವಳು ಬುಟ್ಟಿ ಎತ್ತಿಕೊಂಡು ಗುಂಡಿಯ ಕಡೆ ನಡೆದಳು.

ಹುಣ್ಣಿಮೆಯ ಬೆಳಿಗ್ಗೆ ಡ್ರಮ್ಮು ಮೊಳದುದ್ದ ಎದ್ದು ನಿಂತಿತ್ತು. ನಕ್ಕವರೆಲ್ಲ ಅಡುಗೆಮನೆಯ ಬಾಗಿಲಲ್ಲಿ. ಒಲೆಯಲ್ಲಿ ನೀಲಿ ಉರಿ. ಶಿವಗಂಗವ್ವ ಸುಮ್ಮನೆ ಕೈ ಚಾಚಿದಳು, ಥಟ್ಟನೆ ಹಿಂದಕ್ಕೆಳೆದುಕೊಂಡಳು.

"ಸುಡತೈತಿ!" ಎಂದಳು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು, ಎರಡೂ ಎರಡು ವರ್ಷದ ಮೇಲೆ.

ಮಹಾಂತಪ್ಪ ಮಗಳನ್ನು ನೋಡಿದ, ಮಿಸ್ತ್ರಿಯನ್ನು ನೋಡಿದ.

"ಏನಪಾ, ನಿನ್ನ ಬಸ್ ಎಷ್ಟಕ್ಕ?"

ಹೊರಗೆ ರಸ್ತೆಯಲ್ಲಿ ದಾಂಡೇಲಿ ಬಸ್ಸಿನ ಹಾರ್ನು ಊರೆಲ್ಲ ಕೇಳುವಂತೆ ಕೂಗಿತು.

"ಇವತ್ತ ಬಸ್ ಇಲ್ಲಪ್ಪ," ಎಂದಳು ಶಿವಗಂಗವ್ವ.