ಜೋಳದ ರಾಶಿಯ ಮೇಲೆ ಅವನ ಮುಖ

ಸವಳಂಗದ ಕಸ್ತೂರಮ್ಮನ ಅಂಗಳದಲ್ಲಿ, ಮಟಮಟ ಮಧ್ಯಾಹ್ನ, ಸಂಧ್ಯಾರಾಣಿ ಅವನನ್ನು ಮೊದಲ ಸಲ ಕಣ್ಣೆದುರು ಕಂಡಳು.

ಅವನು ಮಲಗಿದ್ದ. ಉಸಿರಾಡುತ್ತಲೂ ಇದ್ದ.

ಮೆಕ್ಕೆಜೋಳದ ರಾಶಿಗೆ ಹೊದಿಸಿದ ಫ್ಲೆಕ್ಸ್ ಅದು. ಅದರ ತುಂಬ ಒಬ್ಬ ಯುವಕನ ಮುಖ. ಗಾಳಿ ಅಡಿಗೆ ನುಗ್ಗಿದಾಗ ಮುಖ ಮೇಲೇಳುತ್ತಿತ್ತು, ಗಾಳಿ ನಿಂತರೆ ಕುಸಿಯುತ್ತಿತ್ತು. ಬಲಗಣ್ಣಿನ ಹತ್ತಿರ ಒಂದು ಮಡಿಕೆ ಬಿದ್ದು ಆ ಕಣ್ಣು ಮುಚ್ಚುತ್ತಿತ್ತು, ತೆರೆಯುತ್ತಿತ್ತು.

ಮುಖದ ಎರಡೂ ಕಡೆ ಉರಿಯುವ ದೀಪದ ಚಿತ್ರ. ಮೇಲೆ ದಪ್ಪ ಅಕ್ಷರದಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’.

ಸಂಧ್ಯಾಳ ಕೈಯಲ್ಲಿದ್ದ ಕನ್ನಡಕದ ಡಬ್ಬಿ ನೆಲಕ್ಕೆ ಬಿತ್ತು.

ಅವಳು ನ್ಯಾಮತಿಯ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಒಂದು ಬುಧವಾರ ಸವಳಂಗದಲ್ಲಿ ಕಣ್ಣು ತಪಾಸಣೆ, ಮುಂದಿನ ಬುಧವಾರ ಕನ್ನಡಕವನ್ನು ಮನೆಗೇ ತಲುಪಿಸುವುದು. ದಿನಕ್ಕೆ ಮೂವತ್ತು ಜೋಡಿ ಕಣ್ಣು ನೋಡುವವಳಿಗೆ ಒಂದು ಕಣ್ಣಿನ ಗುರುತು ತಪ್ಪುತ್ತದೆಯೇ? ಎಡರೆಪ್ಪೆ ಒಂದು ಎಳೆ ಕೆಳಗಿಳಿದ ಆ ಮುಖವನ್ನು ಅವಳು ಫೋನಿನಲ್ಲಿ ಸಾವಿರ ಸಲ ನೋಡಿದ್ದಳು. ಅವನು ಕಳಿಸಿದ್ದ ಒಂದೇ ಒಂದು ಫೋಟೋ. ಅದೇ ನೀಲಿ ಅಂಗಿ, ಅದೇ ಅರ್ಧ ನಗು.

ಮಾರುತೇಶ್...

“ಅಮ್ಮಾ, ಇವರು ಯಾರು?” ಎಂದು ಕೇಳಿದಳು.

ಕಸ್ತೂರಮ್ಮ ಹೊಸ ಕನ್ನಡಕ ಹಾಕಿಕೊಂಡು ರಾಶಿಯ ಕಡೆ ನೋಡಿದಳು. “ಯಾರೋ ಏನೋ ಕಣವ್ವ. ಜೋಳ ಮುಚ್ಚಾಕೆ ಅಂತ ನನ್ನ ಮಗ ಹೊನ್ನಾಳಿಯಿಂದ ತಂದಾನೆ. ತಿಥಿ ಮುಗಿದ ಮೇಲೆ ಕಿತ್ತು ಹಾಕಿರ್ತಾರೆ. ನೀರು ಇಳಿಯಲ್ಲ, ಗಟ್ಟಿ ಐತೆ. ಪಾಪ, ಚಿಕ್ಕ ವಯಸ್ಸು.”

ಹೆಸರು, ತಾರೀಖು ಇರುವ ಕೆಳಗಿನ ಅಂಚು ರಾಶಿಯಡಿ ಸೇರಿಹೋಗಿತ್ತು. ಅದರ ಮೇಲೆ ಸೈಜುಗಲ್ಲು. ಕಲ್ಲು ಸರಿಸಿದರೆ ಹೆಸರು ಕಾಣುತ್ತಿತ್ತು. ಸಂಧ್ಯಾ ಕಲ್ಲಿನ ಮೇಲೆ ಕೈಯಿಟ್ಟಳು, ಹಾಗೇ ತೆಗೆದುಕೊಂಡಳು. ಹೆಸರು ಬೇರೆ ಯಾರದ್ದೋ ಆಗಿರಬಹುದು ಎಂಬ ಇಷ್ಟೇ ಇಷ್ಟು ಆಸೆ ಉಳಿದಿತ್ತು. ಅದನ್ನೂ ಕಳೆದುಕೊಳ್ಳುವ ಧೈರ್ಯ ಅವಳಿಗಿರಲಿಲ್ಲ.

ಬಸ್ಸಿನಲ್ಲಿ ಕೂತು ನ್ಯಾಮತಿ ಮುಟ್ಟುವವರೆಗೆ ಅವಳು ಕಿಟಕಿಯಾಚೆ ಕಂಡ ಪ್ರತಿಯೊಂದು ಫ್ಲೆಕ್ಸಿನಿಂದ ಮುಖ ತಿರುಗಿಸಿದಳು.

ಇಷ್ಟಕ್ಕೂ ಅವರಿಬ್ಬರು ಒಂದು ಸಲವೂ ಭೇಟಿಯಾದವರಲ್ಲ. ಭೇಟಿಯಾಗುತ್ತಿದ್ದದ್ದು ‘ಸೊನ್ನೆ ವಾರ್ಡ್’ ಎಂಬ ವಿಡಿಯೋ ಗೇಮಿನೊಳಗೆ. ಮುಂದಿನ ಶತಮಾನದ ಒಂದು ನಗರ ಅದು. ಅಲ್ಲಿ ಸೂರ್ಯ ಹುಟ್ಟುವುದಿಲ್ಲ, ಬೂದಿ ಉದುರುವುದು ನಿಲ್ಲುವುದಿಲ್ಲ. ಜನ ತಮ್ಮ ಕೈಕಾಲು ಕೊಟ್ಟು ಯಂತ್ರದ್ದು ಹಾಕಿಸಿಕೊಳ್ಳುತ್ತಾರೆ, ಕಂಪನಿಗಳು ಅವರ ನೆನಪುಗಳನ್ನು ಕೊಂಡುಕೊಳ್ಳುತ್ತವೆ. ಹಗಲೆಲ್ಲ ಚಾಳೀಸಿನ ನಂಬರು ಹೇಳುವ ಹುಡುಗಿಗೆ ಇಂಥ ಹುಚ್ಚು ಎಲ್ಲಿಂದ ಹಿಡಿಯಿತು ಎಂದು ಕೇಳಬೇಡಿ. ಹಿಡಿದಿತ್ತು, ಅಷ್ಟೇ.

ಆಟದ ಎರಡು ಭಾಗ ಬಂದಿದ್ದವು. ಮೂರನೆಯದು ಬರುತ್ತದೆಂದು ಕಂಪನಿ ಹೇಳಿ ಮೂರು ವರ್ಷವಾಗಿತ್ತು. ಅಭಿಮಾನಿಗಳದ್ದೊಂದು ವಾಟ್ಸಾಪ್ ಗುಂಪು, ನಲವತ್ತು ಜನ. ಅದನ್ನು ನಡೆಸುತ್ತಿದ್ದವರು ಚನ್ನಗಿರಿಯ ರೇಣುಕಪ್ರಸಾದ್, ಕಾಲೇಜಿನ ಮೇಷ್ಟ್ರು. ಗುಂಪಿನಲ್ಲಿ ದಿನವೂ ಒಂದೇ ಜಗಳ. ಮೂರನೇ ಭಾಗ ಬರುತ್ತದೋ ಇಲ್ಲವೋ, ಇರುವ ನಗರವನ್ನಾದರೂ ಉಳಿಸುತ್ತಾರೋ ಇಲ್ಲವೋ.

ಮಾರುತೇಶ್ ಸಿಕ್ಕಿದ್ದು ಆ ಗುಂಪಿನಲ್ಲಿ. ಜಗಳೂರಿನವನು, ಹೊನ್ನಾಳಿಯಲ್ಲಿ ಡಿಸೈನರ್ ಎಂದಿದ್ದ. ಒಂದೂವರೆ ವರ್ಷದಿಂದ ದಿನಾ ಸಂಜೆ ಆರಕ್ಕೆ ಆ ಬೂದಿ ನಗರದ ಕಬ್ಬಿಣದ ಸೇತುವೆ ಮೇಲೆ ಅವರಿಬ್ಬರ ಪಾತ್ರಗಳು ಎದುರುಬದುರು ನಿಲ್ಲುತ್ತಿದ್ದವು. ಇವರು ಟೈಪ್ ಮಾಡಿ ಮಾತಾಡುತ್ತಿದ್ದರು. ಅವನ ಮೊದಲ ಮಾತು ಯಾವಾಗಲೂ ‘ಊಟ ಆತೇನ್ರೀ?’ ಸಂಜೆ ಆರಕ್ಕೆ ಯಾರ ಊಟ ಆಗಿರುತ್ತದೆ? ಆದರೂ ಆ ಮಾತಿಗಾಗಿ ಅವಳು ಬೆಳಗಿನಿಂದ ಕಾಯುತ್ತಿದ್ದಳು.

ಒಂದು ಸಂಜೆ ಅವಳೇ ಕೇಳಿದ್ದಳು, ಈ ನಗರ ಮುಚ್ಚಿಬಿಟ್ಟರೆ ನಾವು ಎಲ್ಲಿ ಸಿಗುವುದು ಎಂದು. ಅವನು ಮರುದಿನ ಗುಂಪಿನಲ್ಲಿ ದೊಡ್ಡ ಸುದ್ದಿ ಹಾಕಿದ. ಮೂರನೇ ಭಾಗ ಖಚಿತ, ಕಂಪನಿಯ ಒಳಗಿನವರು ಪರಿಚಯ, ಚಿತ್ರಗಳನ್ನು ತಾನೇ ಕಣ್ಣಾರೆ ನೋಡಿದ್ದೇನೆ! ಗುಂಪಿಗೆ ಗುಂಪೇ ಕುಣಿದಾಡಿತು. ಸಂಧ್ಯಾ ಅಂಗಡಿಯವರಿಗೆಲ್ಲ ಪೇಡ ಹಂಚಿದಳು.

ಹತ್ತೇ ದಿನ. ಮೂರನೇ ಭಾಗದ ತಂಡವನ್ನೇ ಮುಚ್ಚಿದ್ದೇವೆ, ಹಳೆಯ ನಗರದ ಬಗ್ಗೆ ಮುಂದೆ ತೀರ್ಮಾನಿಸುತ್ತೇವೆ ಎಂದು ಕಂಪನಿಯ ಪ್ರಕಟಣೆ ಬಂತು.

ಗುಂಪಿನವರು ಅವನನ್ನು ಹರಿದು ಹಾಕಿದರು. ಎಲ್ಲರಿಗಿಂತ ಹೆಚ್ಚು ನೋವಾಗಿದ್ದು ಸಂಧ್ಯಾಳಿಗೆ. ಎಲ್ಲರೆದುರು ಬರೆದುಬಿಟ್ಟಳು: ‘ಸುಳ್ಳು ಹೇಳೋರ ಮುಖ ನೋಡಾಕೂ ನನಗೆ ಇಷ್ಟ ಇಲ್ಲ. ಇವತ್ತಿಂದ ನನ್ನ ಪಾಲಿಗೆ ನೀವು ಇಲ್ಲ.’

ಅವನು ಗುಂಪು ಬಿಟ್ಟ. ನಂಬರು ಸ್ವಿಚಾಫ್ ಆಯಿತು. ಇದಾಗಿ ಇಪ್ಪತ್ತು ದಿನ.

*ನನ್ನ ಪಾಲಿಗೆ ಇಲ್ಲ ಅಂದೆ... ಯಾರ ಪಾಲಿಗೂ ಇಲ್ಲದಂಗೆ ಹೋಗಿಬಿಟ್ಟೆಯಾ?*

ಸಂಧ್ಯಾ ಗುಂಪಿಗೆ ವಿಷಯ ತಿಳಿಸಿದಳು. ಮೊನ್ನೆ ಬೈದವರೇ ಇಂದು ಕೈಮುಗಿಯುವ ಚಿತ್ರಗಳನ್ನು ಸಾಲಾಗಿ ಹಾಕಿದರು. ಆಗ ಜಗಳೂರಿನ ಓಬಣ್ಣ ಎಂಬುವನು ಒಂದು ಸಂದೇಶ ಹಾಕಿದ.

‘ಅವನು ನಿನ್ನೆ ಸೇತುವೆ ಮೇಲೆ ನಿಂತಿದ್ದ. ನಾನೇ ನೋಡೀನಿ.’

ರೇಣುಕಪ್ರಸಾದ್ ತಕ್ಷಣ ಸಮಾಧಾನ ಹೇಳಿದರು. ಅದು ಅವನಲ್ಲ, ಅವನ ‘ನೆರಳು’. ಹತ್ತು ದಿನ ಯಾರಾದರೂ ಆಟಕ್ಕೆ ಬಾರದಿದ್ದರೆ ಅವರ ಪಾತ್ರವನ್ನು ಆಟವೇ ನಡೆಸುತ್ತದೆ. ಅವರು ಓಡಾಡುತ್ತಿದ್ದ ಜಾಗದಲ್ಲೇ ಓಡಾಡುತ್ತದೆ, ಅವರು ಆಡುತ್ತಿದ್ದ ಮಾತನ್ನೇ ಆಡುತ್ತದೆ. ಹೊಸ ಮಾತು ಅದಕ್ಕೆ ಬಾರದು. ಮೂರನೇ ಭಾಗ ಬಂದಿದ್ದರೆ ನೆರಳುಗಳು ಸ್ವಂತ ಮಾತಾಡುತ್ತಿದ್ದವಂತೆ. ಅಲ್ಲಿಂದ ಚರ್ಚೆ ಎಲ್ಲಿಗೋ ಹೋಯಿತು. ಸತ್ತವರ ನೆರಳನ್ನು ಕಂಪನಿ ಅಳಿಸಬೇಕು ಎಂದು ಕೆಲವರು, ಬೇಡ, ಅಷ್ಟಾದರೂ ಇರಲಿ ಎಂದು ಕೆಲವರು.

ಆಮೇಲೆ ಮೇಷ್ಟ್ರು ಅವಳೊಬ್ಬಳಿಗೇ ಫೋನ್ ಮಾಡಿದರು. “ನಗರ ಯಾವತ್ತು ಮುಚ್ಚುತ್ತಾರೋ ಗೊತ್ತಿಲ್ಲಮ್ಮ. ಮುಚ್ಚಿದ್ರೆ ಅವನ ನೆರಳೂ ಹೋಗ್ತೈತೆ. ಏನಾದ್ರೂ ಹೇಳೋದು ಉಳಿದಿದ್ರೆ ಬೇಗ ಹೋಗಿ ಹೇಳಿಬಿಡು.”

ಗುರುವಾರ ಸಂಜೆ ಆರು ಗಂಟೆ. ಅಂಗಡಿಯ ಯಜಮಾನರು ಚಹಾಕ್ಕೆ ಹೋಗಿದ್ದರು. ಸುತ್ತ ಗೋಡೆಯ ತುಂಬ ಸಾಲು ಸಾಲು ಕನ್ನಡಕ. ಕಣ್ಣಿಲ್ಲದೆಯೇ ಎಲ್ಲವೂ ಅವಳನ್ನು ನೋಡುವ ಹಾಗಿತ್ತು. ಸಂಧ್ಯಾ ಇಪ್ಪತ್ತು ದಿನಗಳ ಮೇಲೆ ಆಟವನ್ನು ತೆರೆದಳು.

ಸೇತುವೆ. ಬೂದಿ. ಕಂಬದ ಪಕ್ಕದಲ್ಲಿ ಬೆನ್ನು ಹಾಕಿ ನಿಂತ ಅವನ ಪಾತ್ರ.

ಅವಳ ಹೆಜ್ಜೆ ಸದ್ದಿಗೆ ಅದು ನಿಧಾನವಾಗಿ ತಿರುಗಿತು.

‘ಊಟ ಆತೇನ್ರೀ?’

ಸಂಧ್ಯಾ ಬಾಯಿಗೆ ಸೆರಗು ಒತ್ತಿಕೊಂಡಳು. ಇಷ್ಟು ದಿನ ಆಸೆಪಟ್ಟು ಕಾಯುತ್ತಿದ್ದ ಮಾತು ಈಗ ಬಾವಿಯೊಳಗಿಂದ ಕೇಳಿದಂತಿತ್ತು. ಅವಳು ಸುಮ್ಮನಿದ್ದದ್ದಕ್ಕೆ ಅದು ಮತ್ತೆ ಕೇಳಿತು. ಮತ್ತೆ ಕೇಳಿತು. ಅದೇ ಅಕ್ಷರ, ಅಷ್ಟೇ ಅಂತರ ಬಿಟ್ಟು.

ಅವಳು ಟೈಪ್ ಮಾಡತೊಡಗಿದಳು. ಒಂದೂವರೆ ವರ್ಷ ‘ನೀವು’ ಎಂದವಳ ಕೈ ಈಗ ತಾನಾಗಿಯೇ ಬೇರೆ ಬರೆಯಿತು.

‘ನೀನು ಹೋಗಿಬಿಟ್ಟಿದೀಯ ಅಂತ ನನಗೆ ಗೊತ್ತು. ನಿನ್ನ ಮುಖ ನೋಡಾಕೆ ಇಷ್ಟ ಇಲ್ಲ ಅಂದಿದ್ದೆ. ನಿನ್ನೆ ನೋಡಿದೆ. ಆ ಮಾತು ನಾನು ಆಡಬಾರದಿತ್ತು. ನೀನು ಸುಳ್ಳು ಹೇಳಿದ್ದಕ್ಕಲ್ಲ ನನಗೆ ಸಿಟ್ಟು ಬಂದಿದ್ದು. ನಿನ್ನ ಮಾತು ನಂಬಿ ಏನೇನೋ ಕನಸು ಕಂಡಿದ್ದೆ, ಅದಕ್ಕೆ. ನಿನ್ನನ್ನ ಪ್ರೀತಿಸ್ತಿದ್ದೆ ಕಣೋ... ಬದುಕಿದ್ದಾಗ ಹೇಳಾಕೆ ಆಗ್ಲಿಲ್ಲ.’

ಅದು ಮತ್ತೆ ಊಟದ ಬಗ್ಗೆ ಕೇಳಬೇಕಿತ್ತು. ಕೇಳಲಿಲ್ಲ.

ಆ ಪಾತ್ರ ಒಮ್ಮೆ ಅಲುಗಿತು. ಕಂಬದಿಂದ ಸರಿದು ಒಂದು ಹೆಜ್ಜೆ ಅವಳ ಹತ್ತಿರ ಬಂತು. ಆಮೇಲೆ ಅಕ್ಷರಗಳು ಮೂಡಿದವು.

‘ನಾನು ಸತ್ತೀನಿ ಅಂತ ನಿಮಗೆ ಯಾರು ಹೇಳಿದ್ರು?’

ಸಂಧ್ಯಾ ಫೋನನ್ನು ಮೇಜಿನ ಮೇಲೆ ಕವುಚಿ ಹಾಕಿ ಎದ್ದು ನಿಂತಳು. ಗೋಡೆಯ ಕನ್ನಡಿಗಳಲ್ಲಿ ಹತ್ತಾರು ಸಂಧ್ಯಾರಾಣಿಯರೂ ಎದ್ದು ನಿಂತರು.

*ಹೊಸ ಮಾತು ಬರಲ್ಲ ಅಂದಿದ್ರಲ್ಲ...*

ಮತ್ತೆ ಫೋನ್ ಎತ್ತಿದಾಗ ಇನ್ನೊಂದು ಸಾಲಿತ್ತು. ‘ಹೊನ್ನಾಳಿ ಬಸ್‌ಸ್ಟ್ಯಾಂಡ್ ಹಿಂದೆ ಫ್ಲೆಕ್ಸ್ ಅಂಗಡಿ. ನಾಳೆ ಬರ್ತೀರಾ? ಎಲ್ಲಾ ಹೇಳ್ತೀನಿ.’ ನೋಡನೋಡುತ್ತಿದ್ದಂತೆ ಪಾತ್ರ ಬೂದಿಯಲ್ಲಿ ಕರಗಿ ಮಾಯವಾಯಿತು.

ಮರುದಿನ ಹೊನ್ನಾಳಿ ಬಸ್ಸು ಹತ್ತಿದವಳಿಗೆ ತಾನು ಯಾರನ್ನು ನೋಡಲು ಹೋಗುತ್ತಿದ್ದೇನೆ ಎಂಬುದೇ ಗೊತ್ತಿರಲಿಲ್ಲ. ನೆರಳಿಗೆ ಮಾತು ಬಂದಿದ್ದರೆ? ಯಾರೋ ಅವನ ಹೆಸರಿನಲ್ಲಿ ಆಟವಾಡಿಸುತ್ತಿದ್ದರೆ? ಎರಡು ಸಲ ಇಳಿದುಬಿಡೋಣ ಎನ್ನಿಸಿತು. ಇಳಿಯಲಿಲ್ಲ. ಅವನು ಬದುಕಿರುವುದು ನಿಜವಾಗಿದ್ದರೆ ಒಂದು ನಿಮಿಷ ತಡವಾಗುವುದೂ ಅವಳಿಗೆ ಬೇಕಿರಲಿಲ್ಲ.

ಅಂಗಡಿಯಲ್ಲಿ ಯಾರೂ ಕಾಣಲಿಲ್ಲ. ಒಳಗೆ ಉದ್ದನೆಯ ಪ್ರಿಂಟರ್ ಒಂದೇ ಸಮನೆ ಗುರ್ರೆನ್ನುತ್ತಿತ್ತು. ಅದರ ಬಾಯಿಂದ ಬಿಳಿ ಹಾಳೆ ಬೆರಳಷ್ಟು ಬೆರಳಷ್ಟೇ ಹೊರಬರುತ್ತಿತ್ತು. ಮೊದಲು ಅಕ್ಷರ. ಭಾವಪೂರ್ಣ ಶ್ರದ್ಧಾಂಜಲಿ. ಆಮೇಲೆ ಕೂದಲು. ಹಣೆ. ಹುಬ್ಬು. ತುಸು ಇಳಿದ ಎಡರೆಪ್ಪೆ.

ಸಂಧ್ಯಾ ಗೋಡೆ ಹಿಡಿದುಕೊಂಡಳು.

“ಸಂಧ್ಯಾ ಅವರೇ...”

ಬೆನ್ನ ಹಿಂದೆ ಅದೇ ರೆಪ್ಪೆಯವನು ನಿಂತಿದ್ದ. ಕೈತುಂಬ ನೀಲಿ ಶಾಯಿ. ಅವಳು ಬೆರಳು ಚಾಚಿ ಅವನ ಮುಂಗೈ ಮುಟ್ಟಿದಳು. ಬೆಚ್ಚಗಿತ್ತು. ಮಣಿಕಟ್ಟಿನಲ್ಲಿ ನಾಡಿ ಓಡುತ್ತಿತ್ತು. ಅಷ್ಟು ಹೊತ್ತು ತಡೆದಿದ್ದ ಅಳು ಒಮ್ಮೆಗೇ ಒಡೆದುಕೊಂಡು ಬಂತು.

ಅವನು ಗಾಬರಿಯಿಂದ ಪ್ರಿಂಟರ್ ಆರಿಸಿದ. ಸ್ಟೂಲು ಹಾಕಿ ಕೂರಿಸಿ, ನೀರು ಕೊಟ್ಟು, ಸವಳಂಗದಲ್ಲಿ ಅವಳು ಕಂಡದ್ದನ್ನು ಕೇಳಿ ತಿಳಿದು, ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ.

“ಶಾಯಿ ಬದಲಾಯಿಸಿದಾಗಲೆಲ್ಲ ಬಣ್ಣ ನೋಡಾಕೆ ಒಂದು ಸ್ಯಾಂಪಲ್ ಹೊಡೀಬೇಕು. ಇಲ್ಲಿ ಹೆಚ್ಚು ಬರೋದು ಶ್ರದ್ಧಾಂಜಲಿನೇ, ಅದಕ್ಕೆ ಸ್ಯಾಂಪಲ್ಲೂ ಅದರದ್ದೇ. ಶ್ರದ್ಧಾಂಜಲಿಯಾಗೆ ಬದುಕಿರೋರ ಫೋಟೋ ಹಾಕಿದ್ರೆ ಯಾರು ಸುಮ್ನಿರ್ತಾರೆ? ಸತ್ತೋರದು ಹಾಕಿದ್ರೆ ಮನೆಯೋರು ಸಂಕಟ ಪಡ್ತಾರೆ. ಅದಕ್ಕೆ ನಂದೇ ಹಾಕ್ಕಂಡು ಬಿಟ್ಟೀನಿ. ತಿಂಗಳಿಗೆ ಎರಡು ಸಲ ಸಾಯ್ತೀನಿ ನಾನು. ವೇಸ್ಟಾದ ಹಾಳೆ ರೈತರು ಒಯ್ತಾರೆ, ಜೋಳ ಮುಚ್ಚಾಕೆ. ಹಿಂಗಾಗ್ತೈತೆ ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ.”

ಡಿಸೈನರ್ ಎಂದದ್ದು ನಿಜವೇ. ಆದರೆ ಯಾವ ಡಿಸೈನರ್ ಎಂದು ಅವನು ಬಿಡಿಸಿ ಹೇಳಿರಲಿಲ್ಲ. ಗೇಮ್ ಕಂಪನಿಯಲ್ಲಿ ಅವನಿಗೆ ನರಪಿಳ್ಳೆಯೂ ಗೊತ್ತಿರಲಿಲ್ಲ. ನಗರ ಮುಚ್ಚಿದರೆ ಎಲ್ಲಿ ಸಿಗುವುದು ಎಂದು ಅವಳು ಕೇಳಿದ ದಿನ ಅವನಿಗೆ ನಿದ್ದೆ ಬಂದಿರಲಿಲ್ಲ. ಹೊನ್ನಾಳಿಗೆ ಬನ್ನಿ ಎನ್ನಲು ಈ ಅಂಗಡಿಯನ್ನು ತೋರಿಸಬೇಕಿತ್ತು. ಅದರ ಬದಲು ಸುಳ್ಳು ಸುಲಭವೆನ್ನಿಸಿತು. ಅವಳು ಎಲ್ಲರೆದುರು ಬೈದ ಮೇಲೆ ಸಿಮ್ಮನ್ನೇ ತೆಗೆದು ಬಿಸಾಡಿದ್ದ.

“ಹಂಗಾದ್ರೆ ನಿನ್ನೆ ಹೆಂಗೆ ಬಂದ್ರಿ?”

“ಫೋನಿನಾಗೆ ಆಟ ಹಂಗೇ ಇತ್ತು, ಅಂಗಡಿ ವೈಫೈ ಐತಲ್ಲ. ಒಂದು ನೋಟಿಫಿಕೇಶನ್ ಬಂತು. ‘ನಿಮ್ಮ ನೆರಳಿನ ಜೊತೆ ಯಾರೋ ಮಾತಾಡುತ್ತಿದ್ದಾರೆ’ ಅಂತ. ನನ್ನ ಎದೆನೂ ಧಸಕ್ ಅಂತು. ತೆಗೆದು ನೋಡಿದ್ರೆ ನೀವು.”

ಅರ್ಧ ಹೊರಬಂದ ಅವನ ಮುಖ ಪ್ರಿಂಟರಿನಿಂದ ಕಣ್ಣಿನವರೆಗೆ ಮಾತ್ರ ಇಣುಕುತ್ತಿತ್ತು. ಸಂಧ್ಯಾ ಎದ್ದು ಆ ಹಾಳೆಯನ್ನು ಎಳೆದು ಹರಿದಳು. ಚೂರು ಚೂರಾಗಿ ಹರಿಯುವ ಬಟ್ಟೆಯಲ್ಲ ಅದು, ಆದರೂ ಬಿಡಲಿಲ್ಲ. ಅವನು ಅಡ್ಡ ಬರಲಿಲ್ಲ.

“ಮೂರನೇ ಭಾಗ ಯಾವತ್ತಾದ್ರೂ ಬರ್ತೈತಾ?” ಎಂದು ಕೇಳಿದಳು, ಏದುಸಿರು ಬಿಡುತ್ತಾ.

“ಗೊತ್ತಿಲ್ಲ.”

“ಸೇತುವೆ ಉಳಿಯುತ್ತಾ?”

“ಅದೂ ಗೊತ್ತಿಲ್ಲ ಸಂಧ್ಯಾ ಅವರೇ.”

ಗೊತ್ತಿಲ್ಲ ಎಂಬ ಮಾತು ಇಷ್ಟು ಹಿತವಾಗಿರಬಹುದೆಂದು ಅವಳು ಎಣಿಸಿರಲಿಲ್ಲ. ಅವನು ಕೈಯ ಶಾಯಿಯನ್ನು ಒರೆಸುತ್ತ, ಅವಳ ಕಡೆ ನೋಡದೆ ಕೇಳಿದ.

“ನಿನ್ನೆ ಸೇತುವೆ ಮೇಲೆ ನನಗೆ ‘ನೀನು’ ಅಂದ್ರಿ. ಇನ್ನೂ ಏನೋ ಅಂದ್ರಿ. ಅದನ್ನ ಇನ್ನೊಂದ್ಸಲ ಹೇಳ್ತೀರಾ?”

“ಅದು ಸತ್ತೋನಿಗೆ ಹೇಳಿದ್ದು. ಬದುಕಿರೋರು ಮೊದಲು ತಾವು ಹೇಳಬೇಕು.”

ಮಾರುತೇಶ್ ತಲೆಯೆತ್ತಿದ. “ನನಗೆ ನೀನು ಬೇಕು. ಆ ಊರು ಇರ್ಲಿ, ಮುಚ್ಚಿ ಹೋಗ್ಲಿ. ಈ ಊರಾಗೆ, ಹಗಲಿನಾಗೆ, ನೀನು ಬೇಕು.”

ಸಂಧ್ಯಾ ಕಣ್ಣೊರೆಸಿಕೊಂಡಳು. ಬೆರಳಿಗೆ ಹತ್ತಿದ್ದ ಅವನ ಕೈಯ ಶಾಯಿ ಕೆನ್ನೆಗೂ ಮೆತ್ತಿತು.

“ಭಾನುವಾರ ಚನ್ನಗಿರಿಗೆ, ನಮ್ಮನೆಗೆ ಬಾ. ನಮ್ಮಪ್ಪ ಏನು ಕೆಲಸ ಅಂತ ಕೇಳ್ತಾರೆ. ಡಿಸೈನರ್ ಅನ್ನಬೇಡ.”

“ಮತ್ತೆ ಏನಂತ ಹೇಳ್ಲಿ?”

“ಫ್ಲೆಕ್ಸ್ ಹೊಡೀತೀನಿ ಅನ್ನು. ಉಳಿದಿದ್ದು ನಾನು ಹೇಳ್ತೀನಿ.”